ಕಾರು ಹೊಳೆಯಲು ಎರಡು ಬಕೆಟ್ ಸಾಕು

ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಆದೇಶಿಸಿತು. ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತರುವ ಕಾವೇರಿಯನ್ನು ಪೈಪ್ ಹಿಡಿದು ಚರಂಡಿಗೆ ಹರಿಸುವವರಿಗೆ ಈ ಬಿಸಿ ತಟ್ಟಲೇಬೇಕಿತ್ತು. ಆದರೆ ದಂಡಕ್ಕಿಂತ ಹೆಚ್ಚು ಫಲ ಕೊಡುವುದು ತೊಳೆಯುವ ಕ್ರಮದ ಬದಲಾವಣೆ.

ನೀರು ಕಡಿಮೆಯಾದರೆ ಬಣ್ಣಕ್ಕೆ ಗೀರು ಬೀಳುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಒಣ ಧೂಳಿನ ಮೇಲೆ ಬಟ್ಟೆ ಎಳೆದರೆ ಮರಳಿನ ಕಣಗಳು ಗೀರದೆ ಬಿಡುವುದಿಲ್ಲ. ಅದಕ್ಕೇ ಮೊದಲು ಮಗ್ಗಿನಲ್ಲಿ ನೀರು ಹೊಯ್ದು ಧೂಳು ಇಳಿಸಬೇಕು. ಒಂದು ಬಕೆಟ್‌ನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು ಇಟ್ಟುಕೊಂಡು, ನೆರಳಿನಲ್ಲಿ ಮೇಲಿನಿಂದ ಕೆಳಕ್ಕೆ ಒರೆಸಬೇಕು. ಸಂಗ್ರಹಿಸಿದ ಮಳೆನೀರಾದರೆ ಇನ್ನೂ ಒಳ್ಳೆಯದು: ಲವಣ ಕಡಿಮೆಯಿರುವುದರಿಂದ ಬಿಳಿ ಕಲೆ ಉಳಿಯದು, ದಂಡದ ಪ್ರಶ್ನೆಯೂ ಏಳದು.