ಸೇಡಿಗೆ ತಕ್ಕಡಿಯಿಲ್ಲ

2019ರ ಡಿಸೆಂಬರ್ 6ರ ನಸುಕಿನಲ್ಲಿ ಹೈದರಾಬಾದ್ ಸಮೀಪದ ಚಟಾನ್‌ಪಲ್ಲಿಯಲ್ಲಿ ಪೊಲೀಸರು ತಮ್ಮ ವಶದಲ್ಲಿದ್ದ ನಾಲ್ವರನ್ನು ಗುಂಡಿಟ್ಟು ಕೊಂದರು. ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರವೆಸಗಿ ಕೊಂದ ಆರೋಪ ಅವರ ಮೇಲಿತ್ತು. ಬಂಧನವಾಗಿ ವಾರವಷ್ಟೇ ಆಗಿತ್ತು. ವಿಚಾರಣೆ ಶುರುವಾಗಿರಲೇ ಇಲ್ಲ. ಅಂದು ಜನ ಅಲ್ಲಿ ಸೇರಿ ಪೊಲೀಸರ ಮೇಲೆ ಹೂವಿನ ಎಸಳು ಎರಚಿದರು. ನ್ಯಾಯ ಸಿಕ್ಕಿತೆಂದು ದೇಶದ ಉದ್ದಗಲಕ್ಕೂ ಸಂಭ್ರಮಿಸಿದವರಿದ್ದರು.

ಅಂದು ಸಿಕ್ಕಿದ್ದಕ್ಕೆ ಸೇಡು ಎಂಬ ಹಳೆಯ ಹೆಸರೇ ಸರಿ.

ಹಾಗಾದರೆ ಸಿಟ್ಟು ಬರುವುದೇ ತಪ್ಪೇ? ಖಂಡಿತ ಅಲ್ಲ. ಅಂಥ ಕ್ರೌರ್ಯ ಕಂಡೂ ರಕ್ತ ಕುದಿಯದಿದ್ದರೆ ನಾವು ಮನುಷ್ಯರೆನ್ನಿಸಿಕೊಳ್ಳುವುದು ಹೇಗೆ? ಮಾಡಿದವನಿಗೆ ತಕ್ಕ ಶಿಕ್ಷೆಯಾಗಲಿ ಎಂಬುದೂ ನ್ಯಾಯದ ಮಾತೇ. ಆದರೆ ಹಾಗೆಂದೊಡನೆ ಎರಡು ಪ್ರಶ್ನೆ ಏಳುತ್ತವೆ. ಮಾಡಿದವನು ಇವನೇ ಹೌದೇ? ಎಷ್ಟು ಶಿಕ್ಷೆ ತಕ್ಕದ್ದು? ನ್ಯಾಯ ಈ ಎರಡನ್ನೂ ತೂಗಿ ನೋಡುತ್ತದೆ. ಸೇಡಿಗೆ ಅಷ್ಟು ವ್ಯವಧಾನವಿಲ್ಲ. ಅದಕ್ಕೆ ಹೆಣ ಬೇಕು, ಅದೂ ಬೇಗ.

ಕೊಲೆ ಮೊಕದ್ದಮೆಯನ್ನು ಸತ್ತವರ ಮನೆಯವರಲ್ಲ, ಸರ್ಕಾರ ನಡೆಸುತ್ತದೆ. ನೊಂದವರ ಕೈಯ ಕತ್ತಿಯನ್ನು ಈಸಿಕೊಂಡು, ನಿಮ್ಮ ಪರವಾಗಿ ನಾವು ನ್ಯಾಯ ಕೇಳುತ್ತೇವೆ ಎಂದು ರಾಜ್ಯ ಕೊಟ್ಟ ಮಾತು ಅದು. ಆ ಕತ್ತಿಯನ್ನು ತಾನೇ ಬೀಸತೊಡಗಿದರೆ ಕೊಟ್ಟ ಮಾತಿಗೆ ಏನು ಬೆಲೆ?

ಆರೋಪಿಗಳು ಆಯುಧ ಕಸಿದುಕೊಂಡು ಗುಂಡು ಹಾರಿಸಿದರು ಎಂದರು ಪೊಲೀಸರು. ಸುಪ್ರೀಂ ಕೋರ್ಟ್ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ನೇತೃತ್ವದ ಆಯೋಗ ಇದನ್ನು ನಂಬಲಿಲ್ಲ. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು ಎಂದು ಹೇಳಿದ ಅದರ ವರದಿ 2022ರಲ್ಲಿ ಬಹಿರಂಗವಾಯಿತು. ನಾಲ್ವರಲ್ಲಿ ಮೂವರು ಅಪ್ರಾಪ್ತರಾಗಿದ್ದರೆಂದೂ ಅದು ಹೇಳಿತು. ಅಷ್ಟರಲ್ಲಿ ಹೂವಿನ ಎಸಳು ಒಣಗಿ ಎರಡು ವರ್ಷ ಕಳೆದಿತ್ತು.

ಕೋರ್ಟು ಕಚೇರಿ ಅಲೆದು ಚಪ್ಪಲಿ ಸವೆಸಿದವರ ಸಂಕಟ ಸುಳ್ಳಲ್ಲ. ಆದರೆ ದೆಹಲಿಯ ನಿರ್ಭಯಾ ಪ್ರಕರಣದಲ್ಲಿ, 2012ರ ಡಿಸೆಂಬರ್‌ನ ಕೃತ್ಯಕ್ಕೆ ತ್ವರಿತ ನ್ಯಾಯಾಲಯ 2013ರ ಸೆಪ್ಟೆಂಬರ್‌ನಲ್ಲೇ ತೀರ್ಪು ಕೊಟ್ಟಿತು. ಮನಸ್ಸು ಮಾಡಿದರೆ ವಿಚಾರಣೆ ಬೇಗ ಮುಗಿಯುತ್ತದೆ. ನ್ಯಾಯಾಧೀಶರನ್ನು ನೇಮಿಸಿ, ಪ್ರಯೋಗಾಲಯಗಳನ್ನು ಕಟ್ಟಿ, ತನಿಖೆ ಚುರುಕುಗೊಳಿಸಿ ಎಂದು ಸರ್ಕಾರದ ಕೊರಳಪಟ್ಟಿ ಹಿಡಿಯಬೇಕಾದ ಜನರಿಗೆ ನಾಲ್ಕು ಹೆಣ ತೋರಿಸಿದರೆ ಸಾಕು, ಆ ಬೇಡಿಕೆಯೇ ಮರೆತುಹೋಗುತ್ತದೆ. ಸೇಡಿನಿಂದ ಯಾರಿಗೆ ಅನುಕೂಲ ಎಂಬುದು ಇಲ್ಲಿ ತಿಳಿಯುತ್ತದೆ.

ಆ ನಾಲ್ವರೇ ಅಪರಾಧಿಗಳಾಗಿದ್ದಿರಬಹುದು. ಅಲ್ಲದೆಯೂ ಇರಬಹುದು. ಅವರ ವಿರುದ್ಧದ ಸಾಕ್ಷ್ಯವನ್ನು ಯಾವ ನ್ಯಾಯಾಲಯವೂ ಒರೆಗೆ ಹಚ್ಚಲಿಲ್ಲ, ಇನ್ನು ಹಚ್ಚುವಂತೆಯೂ ಇಲ್ಲ. ಆ ವೈದ್ಯೆಗೆ ಸಲ್ಲಬೇಕಿದ್ದ ತೀರ್ಪು ಬರುವುದೇ ಇಲ್ಲ.