ದೊರೆಯ ಗುರು, ಲೋಕದ ಗುರು

ಕಲಾವಿದನ ಯೋಗ್ಯತೆಯನ್ನು ಅವನ ಕೃತಿಗಳಿಂದಲೇ ಅಳೆಯುವುದು ರೂಢಿ. ಅವನು ಹೇಳಿದ ಪಾಠವನ್ನು ನಾವು ಹೊಟ್ಟೆಪಾಡಿನ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಈ ರೂಢಿ ಎಷ್ಟು ಅವಿಚಾರದ್ದೆಂಬುದಕ್ಕೆ ಜರ್ಮನಿಯ ವಾಗ್ಗೇಯಕಾರ, ಕೊಳಲುಗಾರ ಯೋಹಾನ್ ಯೋವಾಖಿಮ್ ಕ್ವಾಂಟ್ಸನ ಜೀವನಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಾಣದು.

1697ರಲ್ಲಿ ಹಳ್ಳಿಯ ಕಮ್ಮಾರನ ಮಗನಾಗಿ ಹುಟ್ಟಿದ ಕ್ವಾಂಟ್ಸ್ ಬಾಲ್ಯದಲ್ಲೇ ತಬ್ಬಲಿಯಾದ. ಊರ ವಾದ್ಯಗಾರರ ಶಿಷ್ಯನಾಗಿ ಪಿಟೀಲು, ಓಬೋ, ತುತ್ತೂರಿಗಳನ್ನು ಕಲಿತ. ಕೊಳಲು ಅವನ ಮುಖ್ಯ ವಾದ್ಯವಾದದ್ದು ಆಮೇಲೆ, ಡ್ರೆಸ್ಡನ್ನಿನಲ್ಲಿ. ಮುಂದೆ ರೋಮಿಗೆ ಹೋಗಿ ಗಾಸ್ಪರೀನಿಯ ಬಳಿ ಸಂಗೀತರಚನೆಯ ಶಾಸ್ತ್ರವನ್ನು ಅಭ್ಯಾಸಮಾಡಿದ. 1741ರಲ್ಲಿ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್, ವರ್ಷಕ್ಕೆ 2,000 ಟಾಲರ್ ಸಂಬಳ ಗೊತ್ತುಮಾಡಿ ಅವನನ್ನು ಆಸ್ಥಾನಕ್ಕೆ ಕರೆಸಿಕೊಂಡ. ಅಲ್ಲೇ ಇದ್ದ ಬಾಖನ ಮಗ ಎಮಾನ್ಯುಯೆಲನಿಗೆ ಮೊದಲು ದೊರೆಯುತ್ತಿದ್ದುದು ಕೇವಲ 300. ಕೊಳಲು ನುಡಿಸುತ್ತಿದ್ದ ದೊರೆಗೆ ‘ಭಲೆ’ ಎನ್ನುವ ಅಧಿಕಾರ ಕ್ವಾಂಟ್ಸನೊಬ್ಬನಿಗೇ ಇತ್ತೆಂದು ಪ್ರತೀತಿ.

ಈ ದೊರೆಗಾಗಿ ಅವನು ಸುಮಾರು 300 ಕನ್ಸರ್ಟೋಗಳನ್ನು ರಚಿಸಿದ. ಅವುಗಳ ಗತಿ ಏನಾಯಿತು? ಒಬ್ಬನ ತುಟಿಗಾಗಿ ಹುಟ್ಟಿದ ಅವು ಬಹುಮಟ್ಟಿಗೆ ಅಚ್ಚು ಕಾಣದೆ ಅರಮನೆಯಲ್ಲೇ ಉಳಿದವು. ಆದರೆ 1752ರಲ್ಲಿ ಬರ್ಲಿನ್ನಿನಲ್ಲಿ ಅಚ್ಚಾದ ಅವನ ಕೊಳಲುವಾದನದ ಗ್ರಂಥವನ್ನು ಆ ಕಾಲದ ಸಂಗೀತವನ್ನು ನುಡಿಸಬಯಸುವವರೆಲ್ಲರೂ ಇಂದಿಗೂ ಓದುತ್ತಾರೆ.

ಕೊಳಲಿನ ಹೆಸರು ಹೊತ್ತಿದ್ದರೂ ಅದರ 18 ಅಧ್ಯಾಯಗಳಲ್ಲಿ ಕೊಳಲಿಗೆ ಮೀಸಲಾದುದು ಒಂದು ಭಾಗ ಮಾತ್ರ. ಉಳಿದುದು ಪಕ್ಕವಾದ್ಯದವರ ಕರ್ತವ್ಯ, ಮಂದಗತಿಯ ರಚನೆಯನ್ನು ಅಲಂಕರಿಸುವ ಬಗೆ, ಸಂಗೀತದ ಗುಣದೋಷವಿಮರ್ಶೆ. ವಾದಕನನ್ನು ಅವನು ವಾಗ್ಮಿಗೆ ಹೋಲಿಸುತ್ತಾನೆ: ಕೇಳುವವರ ಹೃದಯವನ್ನು ಗೆಲ್ಲುವುದೇ ಇಬ್ಬರ ಗುರಿ. ಲಯವನ್ನು ನಿರ್ಣಯಿಸಲು ಯಂತ್ರವನ್ನು ಹುಡುಕದೆ, ನಿಮಿಷಕ್ಕೆ 80 ಬಾರಿ ಮಿಡಿಯುವ ಆರೋಗ್ಯವಂತನ ನಾಡಿಯನ್ನೇ ಅಳತೆಗೋಲಾಗಿ ಕೊಡುತ್ತಾನೆ. ಇದು ಬರಿಯ ಪಂಡಿತನಿಗೆ ಹೊಳೆಯುವ ಮಾತಲ್ಲ. ನುಡಿಸಿ ನುಡಿಸಿ ಕಂಡುಕೊಂಡವನ ಮಾತು.

ಅರಮನೆಯ ಅನ್ನವಿಲ್ಲದಿದ್ದರೆ ಈ ಗ್ರಂಥವೂ ಹುಟ್ಟುತ್ತಿರಲಿಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪತಕ್ಕ ಮಾತೇ. ಆದರೆ ಅದೇ ಅನ್ನವುಂಡು ಬರೆದ ಕನ್ಸರ್ಟೋಗಳು ಏಕೆ ಹಿಂದೆ ಬಿದ್ದವು? ಅವುಗಳ ಮುಂದಿದ್ದುದು ಒಬ್ಬ ಪ್ರಭುವಿನ ಅಭಿರುಚಿ; ಗ್ರಂಥದ ಮುಂದಿದ್ದುದು ಮುಖ ಕಾಣದ ವಿದ್ಯಾರ್ಥಿ. ಆ ವಿದ್ಯಾರ್ಥಿ ಈಗಲೂ ಹುಟ್ಟಿಬರುತ್ತಿದ್ದಾನೆ.

ತರಗತಿಯಲ್ಲಿ ಛಂದಸ್ಸು, ಅಲಂಕಾರಗಳ ಲಕ್ಷಣಗಳನ್ನು ಒಪ್ಪಿಸುವ ನನ್ನಂಥವರು ಇದರಿಂದ ಕಲಿಯಬೇಕಾದುದು ಬಹಳವಿದೆ. ಲಕ್ಷ್ಯವನ್ನು ಕೈಯಾರೆ ಪಳಗಿಸಿಕೊಂಡವನು ಲಕ್ಷಣವನ್ನು ತಿಳಿಯಾಗಿ ಬರೆದಿಟ್ಟರೆ, ಅದೂ ಸೃಷ್ಟಿಯೇ. 1773ರಲ್ಲಿ ಕ್ವಾಂಟ್ಸ್ ತೀರಿಕೊಂಡಾಗ ದೊರೆ ತನ್ನ ಗುರುವನ್ನು ಕಳೆದುಕೊಂಡ, ಲೋಕ ಕಳೆದುಕೊಳ್ಳಲಿಲ್ಲ.