ಚಿಪ್ಪು ಕಂಬಳಿಯಲ್ಲ

ಆಮೆಯ ವಿಷಯದಲ್ಲಿ ನಮ್ಮ ಪುರಾಣ ಕಾವ್ಯಗಳು ಮೊದಲಿನಿಂದಲೂ ಉದಾರವಾಗಿವೆ. ಮಂದರ ಪರ್ವತವನ್ನು ಬೆನ್ನ ಮೇಲೆ ಹೊತ್ತ ಕೂರ್ಮಾವತಾರದ ಕಥೆಯನ್ನು ಕೇಳದ ಮಕ್ಕಳು ವಿರಳ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನ ಲಕ್ಷಣವನ್ನು ವಿವರಿಸುವಾಗ, ಅಂಗಾಂಗಗಳನ್ನು ಒಳಗೆಳೆದುಕೊಳ್ಳುವ ಆಮೆಯೇ ಉಪಮಾನವಾಯಿತು. ಎಷ್ಟೋ ಗುಡಿಗಳಲ್ಲಿ ನೆಲದ ಮೇಲೆ ಕೆತ್ತಿದ ಕಲ್ಲಾಮೆಯನ್ನು ದಾಟಿಯೇ ನಾವು ದೇವರೆದುರು ನಿಲ್ಲುತ್ತೇವೆ. ಈ ಗೌರವವೆಲ್ಲ ಸರಿಯೇ. ಆದರೆ ಉಪಮಾನಕ್ಕೆ ಸಂದ ಗೌರವ ಆ ಪ್ರಾಣಿಗೂ ಸಂದಿದೆಯೇ ಎಂಬುದು ನನ್ನ ಪ್ರಶ್ನೆ. ಚಳಿಗಾಲದ ಮುಂಜಾವಿನಲ್ಲಿ ಅಂಗಳದ ಸಾಕಾಮೆ ತಲೆಯನ್ನೂ ಕಾಲುಗಳನ್ನೂ ಒಳಗೆಳೆದುಕೊಂಡು ಕಲ್ಲಿನಂತೆ ಕುಳಿತಿದ್ದರೆ, ಕಂಡವರು 'ಎಂಥ ಸಹನೆ!' ಎಂದು ತಲೆದೂಗುತ್ತಾರೆ. ಅದು ಸಹನೆಯಲ್ಲ, ಅಸಹಾಯಕತೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಚಳಿಯನ್ನು ಹೊರಗಿನವರು ಸುಲಭವಾಗಿ ನಂಬುವುದಿಲ್ಲ. ಅವರ ಪಾಲಿಗೆ ಈ ಸೀಮೆ ಬರಿಯ ಬಿಸಿಲಿನ ನಾಡು. ಆದರೆ ಎಳ್ಳ ಅಮಾವಾಸ್ಯೆಯ ಹೊತ್ತಿಗೆ, ಮರಗಿಡಗಳ ಮರೆಯಿಲ್ಲದ ಈ ಎರೆಯ ಬಯಲಿನಲ್ಲಿ, ಹಗಲೆಲ್ಲ ಕಾಯ್ದ ನೆಲ ಮೋಡವಿಲ್ಲದ ಇರುಳಿನಲ್ಲಿ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಕೆಲವು ವರ್ಷ ನಸುಕಿನ ಉಷ್ಣಮಾನ 10 ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಮನುಷ್ಯನು ಕಂಬಳಿ ಹೊದೆಯುತ್ತಾನೆ. ದನಕರುಗಳು ಕೊಟ್ಟಿಗೆಯಲ್ಲಿ ಒಂದಕ್ಕೊಂದು ಒತ್ತಿ ಮಲಗುತ್ತವೆ. ಆಮೆಗೆ ಚಿಪ್ಪಿದೆಯಲ್ಲ ಎಂದು ನಾವು ಸುಮ್ಮನಾಗುತ್ತೇವೆ.

ಚಿಪ್ಪು ಕಂಬಳಿಯಲ್ಲ. ಅದು ಪಕ್ಕೆಲುಬುಗಳೂ ಬೆನ್ನುಮೂಳೆಯೂ ಕೂಡಿ ಬೆಳೆದ ಜೀವಂತ ಎಲುಬು; ಅದರಲ್ಲಿ ರಕ್ತ ಹರಿಯುತ್ತದೆ, ನರಗಳಿವೆ. ಕಂಬಳಿಯಾದರೂ ಒಳಗೆ ಹುಟ್ಟಿದ ಶಾಖವನ್ನು ಕಾಯ್ದಿಡುತ್ತದೆಯೇ ಹೊರತು ತಾನೇ ಶಾಖವನ್ನು ಹುಟ್ಟಿಸುವುದಿಲ್ಲ. ನಮ್ಮಂತೆ ಮೈಯೊಳಗೆ ಬೆಂಕಿಯನ್ನು ಉರಿಸಿಕೊಳ್ಳುವ ಶಕ್ತಿ ಆಮೆಗಿಲ್ಲ. ಅದರ ಬದುಕೆಲ್ಲ ಸೂರ್ಯನಿಂದ ತಂದ ಕಡದ ಮೇಲೆ ನಡೆಯುತ್ತದೆ. ಮೈ ತಣಿದರೆ ಪಚನಕ್ರಿಯೆ ಕುಂಠಿತವಾಗಿ, ತಿಂದ ಸೊಪ್ಪು ಹೊಟ್ಟೆಯಲ್ಲಿಯೇ ಉಳಿಯುತ್ತದೆ. ರೋಗವನ್ನು ಎದುರಿಸುವ ಬಲವೂ ಕುಗ್ಗುತ್ತದೆ. ನಮ್ಮಂಥ ವಪೆಯಿಲ್ಲದ ಆಮೆ ಕೆಮ್ಮಿ ಕಫವನ್ನು ಹೊರಗೆ ಹಾಕಲಾರದು. ಆದುದರಿಂದ ಒಣ ಚಳಿಗಿಂತಲೂ ಹಸಿ ಚಳಿ ಅದಕ್ಕೆ ಹೆಚ್ಚು ಮಾರಕ. ಮೂಗಿನಲ್ಲಿ ಗುಳ್ಳೆ ಕಾಣಿಸಿಕೊಳ್ಳುವ ಹೊತ್ತಿಗೆ ರೋಗ ಶ್ವಾಸಕೋಶಕ್ಕೆ ಇಳಿದಿರಬಹುದು.

ದೊಡ್ಡ ಆಮೆಯಾದರೆ ತಾಳಿಕೊಳ್ಳುತ್ತದೆ ಎಂಬ ಇನ್ನೊಂದು ಮಾತುಂಟು. ಇದರಲ್ಲಿ ಅರ್ಧ ಸತ್ಯವಿದೆ. ಹಂಡೆಯ ನೀರು ಚೆಂಬಿನ ನೀರಿಗಿಂತ ತಡವಾಗಿ ಆರುತ್ತದೆ; ಹಾಗೆಯೇ ದೊಡ್ಡ ಮೈ ಹಗಲಿನ ಕಾವನ್ನು ಇರುಳಿನಲ್ಲಿ ಬಹಳ ಹೊತ್ತು ಹಿಡಿದಿಡುತ್ತದೆ. ಆದರೆ ಆರಿದ ಹಂಡೆಯನ್ನು ಮತ್ತೆ ಕಾಯಿಸಲು ಎಷ್ಟು ಸೌದೆ ಬೇಕೆಂಬುದನ್ನು ಬಚ್ಚಲೊಲೆಯ ಮುಂದೆ ಕುಳಿತವರು ಬಲ್ಲರು. ಪೂರ್ತಿ ತಣಿದ ದೊಡ್ಡ ಆಮೆ ಬೆಚ್ಚಗಾಗುವಷ್ಟರಲ್ಲಿ ಚಳಿಗಾಲದ ಗಿಡ್ಡ ಹಗಲು ಕಳೆದಿರುತ್ತದೆ. ಮರುದಿನ ಅದು ಹಿಂದಿನ ದಿನದ ಸಾಲವನ್ನು ಹೊತ್ತೇ ಏಳಬೇಕು.

ಶಿಶಿರನಿದ್ರೆಯ ಮಾತು ನಮ್ಮ ವಿದ್ಯಾರ್ಥಿಗಳಿಗೆ ಪಾಠಪುಸ್ತಕಗಳಿಂದ ಪರಿಚಿತವಾಗಿದೆ. ಇಂಗ್ಲೆಂಡಿನ ಸೆಲ್ಬೋರ್ನಿನ ಪಾದ್ರಿ ಗಿಲ್ಬರ್ಟ್ ವೈಟ್ ತನ್ನ ಅತ್ತೆಯಿಂದ 1780ರಲ್ಲಿ ಬಂದ ಟಿಮೊಥಿ ಎಂಬ ಆಮೆಯನ್ನು ವರುಷಗಟ್ಟಲೆ ಗಮನಿಸಿದ. ನವೆಂಬರಿನಲ್ಲಿ ಮಣ್ಣಿನೊಳಗಿಳಿದ ಅದು ಏಪ್ರಿಲಿನ ಸುಮಾರಿಗೆ ಎದ್ದುಬರುತ್ತಿತ್ತು. ಆದರೆ ಟಿಮೊಥಿ ಮೆಡಿಟರೇನಿಯನ್ ತೀರದ ಜಾತಿಯದು. ಅದರ ನಿದ್ರೆಯನ್ನು ಎಲ್ಲ ಆಮೆಗಳಿಗೂ ಅನ್ವಯಿಸುವುದು ತಪ್ಪು. ಸಹಾರಾದ ದಕ್ಷಿಣ ಅಂಚಿನ ಸುಲ್ಕಾಟಾ, ಹಿಂದೂ ಮಹಾಸಾಗರದ ಅಲ್ಡಾಬ್ರಾ ದ್ವೀಪದ ದೈತ್ಯಾಮೆ, ನಮ್ಮದೇ ನಾಡಿನ ಕುರುಚಲು ಕಾಡುಗಳ ನಕ್ಷತ್ರ ಆಮೆ, ಇವು ಯಾವುವೂ ಅಂಥ ನಿದ್ರೆಯನ್ನು ಬಲ್ಲವಲ್ಲ. ಚಳಿಗೆ ಮರಗಟ್ಟಿ ಬಿದ್ದ ಸುಲ್ಕಾಟಾವನ್ನು 'ನಿದ್ರಿಸುತ್ತಿದೆ' ಎನ್ನುವುದು ಅದನ್ನು ಸಾಯಲು ಬಿಡುವುದಕ್ಕೆ ಸಮ.

ಸ್ವತಂತ್ರವಾಗಿರುವಾಗ ಈ ಪ್ರಾಣಿ ಮೂಢವಲ್ಲ. ಸುಲ್ಕಾಟಾ ಆಳವಾದ ಬಿಲವನ್ನು ತೋಡಿಕೊಂಡು ಬಿಸಿಲು ಚಳಿಗಳೆರಡನ್ನೂ ತಪ್ಪಿಸಿಕೊಳ್ಳುತ್ತದೆ. ಹಗೇವಿನಲ್ಲಿ ಜೋಳವನ್ನು ಕಾಯ್ದಿಟ್ಟ, ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬಾಳಿದ ನಮ್ಮ ಹಿರಿಯರಿಗೂ ನೆಲದ ಈ ಗುಣ ತಿಳಿದಿತ್ತು. ಸೇಂಟ್ ಹೆಲೆನಾ ದ್ವೀಪಕ್ಕೆ 1882ರಲ್ಲಿ ತರಲಾದ ಜೊನಾಥನ್ ಎಂಬ ದೈತ್ಯಾಮೆ ಹಿತವಾದ ಬಿಸಿಲು ಬಿದ್ದಾಗ ಕತ್ತನ್ನೂ ಕಾಲುಗಳನ್ನೂ ಉದ್ದಕ್ಕೆ ಚಾಚಿ ಕಾಯಿಸಿಕೊಳ್ಳುವುದನ್ನು ನೋಡಿದವರು ಬರೆದಿದ್ದಾರೆ. ಕಲಕತ್ತೆಯ ಅಲಿಪುರ ಮೃಗಾಲಯದಲ್ಲಿ 2006ರಲ್ಲಿ ತೀರಿಕೊಂಡ ಅದ್ವೈತ ಎಂಬ ಅಲ್ಡಾಬ್ರಾ ಆಮೆ ನೂರಕ್ಕೂ ಹೆಚ್ಚು ಚಳಿಗಾಲಗಳನ್ನು ಅಲ್ಲಿಯೇ ಕಳೆದಿತ್ತು. ಬಿಸಿಲನ್ನೋ ಬಿಲವನ್ನೋ ಆರಿಸಿಕೊಳ್ಳುವ ಅವಕಾಶವಿದ್ದಲ್ಲಿ ಆಮೆ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಫರಸಿ ಹಾಸಿದ ಅಂಗಳದಲ್ಲಿ ನಾವು ಮೊದಲು ಕಸಿದುಕೊಳ್ಳುವುದು ಈ ಆಯ್ಕೆಯನ್ನೇ.

ಭಾಗ್ಯ ತರುತ್ತದೆಂಬ ನಂಬಿಕೆಯಿಂದ ನಕ್ಷತ್ರ ಆಮೆಯನ್ನು ಹಿಡಿದು ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಅದು ಇರಬೇಕಾದ ಸ್ಥಳ ಕಾಡು. ಪರದೇಶದ ದೊಡ್ಡ ಆಮೆಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ನೋಂದಣಿ ಮಾಡಿಸಬೇಕು. ಆದರೆ ನೋಂದಣಿಯ ಕಾಗದ ಚಳಿಯನ್ನು ತಡೆಯುವುದಿಲ್ಲ. ಇರುಳು 15 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಸಂಜೆ ಮೈಯ ಕಾವು ಆರುವ ಮುನ್ನವೇ ಅದನ್ನು ಗಾಳಿ ನುಗ್ಗದ ಬೆಚ್ಚನೆಯ ಗೂಡಿಗೆ ಸೇರಿಸಬೇಕು. ಗೂಡಿನ ನೆಲ ಒಣಗಿರಬೇಕು, ದಪ್ಪಗೆ ಹುಲ್ಲು ಹಾಸಿರಬೇಕು, ಬಾಗಿಲು ಮೂಡಣಕ್ಕಿದ್ದರೆ ಮೇಲು. ಸಂಜೆಯ ಸ್ನಾನ ಬೇಡ. ಇಷ್ಟನ್ನು ಮಾಡಲಾಗದವರು ಸಾಕಬಾರದು.

ಬಸವಣ್ಣನವರು ಹುಟ್ಟಿದ ಸೀಮೆಯಲ್ಲಿ ದಯೆಯ ಪಾಠವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಅರಚಲಾರದ, ಓಡಲಾರದ ಜೀವಿಯ ಮೌನವನ್ನು ಒಪ್ಪಿಗೆಯೆಂದು ತಿಳಿಯುವ ಅಭ್ಯಾಸವನ್ನಾದರೂ ನಾವು ಬಿಡಬೇಕು. ಆಮೆ ನಮಗೆ ಇಂದ್ರಿಯನಿಗ್ರಹವನ್ನು ಕಲಿಸಲಿ. ಆದರೆ ಅದರ ಮೈ ಬೆಚ್ಚಗಿದೆಯೇ ಎಂದು ಮುಟ್ಟಿ ನೋಡಿದ ಮೇಲೆ.